ಮೊಲವೋ ಕೌಜುಗವೋ ಎಂದು ಕೇಳಿದ ಮಾವ

ನನ್ನ ಹೆಂಡತಿಯ ತಂದೆಯ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಜೋಳದ ಕಾಳು ಹಿಡಿಸುವಷ್ಟು ಸಂದಿಯಿತ್ತು. ಅದರಿಂದ ಗಾಳಿ ಬಿಟ್ಟು ಅವರು ಕೌಜುಗದಂತೆ ಕೂಗಿದರೆ, ಬದುವಿನ ಆಚೆಯಿಂದ ನಿಜವಾದ ಹಕ್ಕಿ ಉತ್ತರ ಕೊಡುತ್ತಿತ್ತು. ದುಬಲಗುಂಡಿಯಲ್ಲಿ ಅವರಿಗೆ ಮೂರೆಕರೆ ಹೊಲ. ಅದರ ಕೆಲಸ ಮುಗಿದರೆ ಬೇರೆಯವರ ಹೊಲದಲ್ಲಿ ಕೂಲಿ. ಎಲ್ಲರಿಗೂ ಬಹುವಚನ ಹಚ್ಚಿ ಮಾತಾಡುವುದು ಅವರ ರೂಢಿ. ಮಲಗಿದ ಎತ್ತನ್ನು ಎಬ್ಬಿಸುವಾಗಲೂ ‘ಏಳ್ರಿ’ ಅನ್ನುತ್ತಿದ್ದರು.

ನಾನು ಮಂಠಾಳದಲ್ಲಿ ಶಾಲಾ ಮಾಸ್ತರನಾಗಿ ಸೇರಿ ಆರು ತಿಂಗಳಾಗಿತ್ತು, ಮದುವೆಯಾಗಿ ನಾಲ್ಕು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮದುವೆಯ ನಂತರದ ಮೊದಲ ಎಳ್ಳಮಾಸಿಗೆ, ಹೊಲದಲ್ಲಿ ಪೂಜೆ ಮಾಡಿ ಉಣ್ಣುವ ಎಳ್ಳ ಅಮಾವಾಸ್ಯೆಗೆ, ಕರೆ ಬಂತು, ಹೆಂಡತಿಯೊಡನೆ ಹೋದೆ. ಹೊಲದಲ್ಲಿ ಎಲ್ಲರೂ ಕೂತು ಭಜ್ಜಿ, ಸಜ್ಜೆ ರೊಟ್ಟಿ ಉಂಡೆವು. ಕೈ ತೊಳೆಯುವಾಗ ಮಾವ ಬಳಿಗೆ ಬಂದು ಕೇಳಿದರು.

“ಅಳಿಯಾರ, ನಾಳಿ ಮೊಲಕ್ಕ ಹೋಗೂನೋ, ಕೌಜಗಕ್ಕ ಹೋಗೂನೋ? ನೀವ ಹೇಳ್ರಿ.”

ಎರಡೂ ಬೇಡವಾಗಿತ್ತು ನನಗೆ. ಕಾಡುಪ್ರಾಣಿ ಹಿಡಿಯುವುದು ಅಪರಾಧ, ಕೇಸಾದರೆ ನೌಕರಿ ಹೋಗುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು. ಆದರೆ ಬರುವ ದಾರಿಯಲ್ಲಿ, ಬಸ್ಸಿನಲ್ಲೇ ಹೆಂಡತಿ ಎಚ್ಚರಿಸಿದ್ದಳು. ಹುಮನಾಬಾದಿನಲ್ಲಿ ಅಂಗಡಿ ಇಟ್ಟಿರುವ ಅವಳ ಅಕ್ಕನ ಗಂಡ ಒಮ್ಮೆ ಮಾವ ಬೇಟೆಯಾಡಿ ತಂದು ಮಾಡಿಸಿದ ಮಾಂಸದ ತಾಟನ್ನು ಮುಟ್ಟದೆ ಪಕ್ಕಕ್ಕೆ ಸರಿಸಿ ಎದ್ದಿದ್ದನಂತೆ. ಅವತ್ತಿನಿಂದ ಅಪ್ಪ ಅಳಿಯಂದಿರ ಮುಖ ನೋಡಿ ಮಾತಾಡುವುದಕ್ಕೂ ಹೆದರುತ್ತಾನೆ, ನೀವಾದರೂ ಬೇಡ ಅನ್ನಬೇಡಿ ಎಂದಿದ್ದಳು. ಮೊಲವೆಂದರೆ ಬಲೆ, ನಾಯಿಗಳು, ಐದಾರು ಮಂದಿಯ ಗದ್ದಲ, ಊರಿಗೆಲ್ಲ ಗೊತ್ತಾಗುತ್ತದೆ. ಕೌಜುಗಕ್ಕೆ ಇಬ್ಬರು ಸಾಕು. ಅಷ್ಟನ್ನೇ ಲೆಕ್ಕ ಹಾಕಿ ಕೌಜುಗ ಎಂದೆ. ಮಾವನ ಮುಖ ಅರಳಿತು.

ಮರುದಿನ ನಸುಕಿನಲ್ಲಿ ಹೊರಟೆವು. ಚಳಿಗೆ ನನ್ನ ಕಿವಿ ಮರಗಟ್ಟಿದ್ದವು. ಮಾವ ಬದುವಿನ ಹುಲ್ಲಿನಲ್ಲಿ ನೈಲಾನ್ ದಾರದ ಉರುಲು ಸಾಲಾಗಿ ಒಡ್ಡಿ, ತೊಗರಿ ಸಾಲಿನ ಮರೆಯಲ್ಲಿ ಕೂತು ಕೂಗತೊಡಗಿದರು. ನಡುವೆ ಥರ್ಮಾಸಿನಿಂದ ನನಗೊಂದು ಕಪ್, ತಮಗೊಂದು ಕಪ್ ಚಹಾ ಬಗ್ಗಿಸಿದರು. ಹೊತ್ತೇರುವಷ್ಟರಲ್ಲಿ ಎರಡು ಹಕ್ಕಿ ಸಿಕ್ಕವು. ಒಂದನ್ನು ನನ್ನ ಕೈಗೆ ಕೊಟ್ಟರು. ಅಂಗೈಯೊಳಗೆ ಅದರ ಎದೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಬಿಟ್ಟುಬಿಡೋಣ ಎಂಬ ಮಾತು ನಾಲಿಗೆಯ ತುದಿಗೆ ಬಂತು, ಅವರ ನಗುಮುಖ ನೋಡಿ ನುಂಗಿಕೊಂಡೆ.

ಆಗ ಬಂಡಿದಾರಿಯಲ್ಲಿ ಜೀಪಿನ ಸದ್ದು ಕೇಳಿಸಿತು. ಮಾವ ನನ್ನ ಕೈಯಿಂದ ಹಕ್ಕಿ ಕಸಿದುಕೊಂಡು ಚೀಲಕ್ಕೆ ಹಾಕಿದರು. ಹೆಗಲು ಹಿಡಿದು ನನ್ನನ್ನು ತೊಗರಿಯ ಒಳಕ್ಕೆ ನೂಕಿದರು.

“ಕುಂದರ್ರಿ. ನಾ ಕರಿಯೋತನಕ ಏಳಬ್ಯಾಡ್ರಿ.”

ಬಗ್ಗಿ ಕೂತೆ. ಒಣಗಿದ ತೊಗರಿ ಕೈ ತಾಗಿದರೂ ಗಿಲಿಗಿಲಿ ಅನ್ನುತ್ತಿತ್ತು, ಹಾಗಾಗಿ ಉಸಿರನ್ನೂ ಬಿಗಿಹಿಡಿದೆ. ಅರಣ್ಯ ಇಲಾಖೆಯವರ ಬೂಟುಗಳು ಗಿಡಗಳ ಸಂದಿಯಿಂದ ಕಾಣುತ್ತಿದ್ದವು. ಜೊತೆಗೆ ಯಾರಿದ್ದಾರೆ ಎಂದು ಕೇಳಿದರು.

“ಯಾರೂ ಇಲ್ರಿ ಸಾಹೇಬ್ರ. ನಾ ಒಬ್ಬಾಂವ.”

“ಮತ್ತ ಎರಡು ಕಪ್ ಯಾಕ?”

ಮಾವ ಕಪ್ಪುಗಳ ಕಡೆ ನೋಡಿದರು. “ಒಂದು ನಂದು, ಒಂದು ದೇವರ ಪಾಲಿಂದ್ರಿ” ಎಂದರು. ಕಪಾಳಕ್ಕೆ ಹೊಡೆದ ಸದ್ದು ಕೇಳಿಸಿತು. ನಾನು ಏಳಬೇಕು ಅಂದುಕೊಂಡೆ. ಏಳಲಿಲ್ಲ. ಜೀಪು ಅವರನ್ನು ಹತ್ತಿಸಿಕೊಂಡು ಹೋಯಿತು. ಕರೆಯುವವರೇ ಇಲ್ಲದ ಮೇಲೂ ಮಧ್ಯಾಹ್ನದವರೆಗೆ ಅಲ್ಲೇ ಕೂತಿದ್ದೆ. ಆಮೇಲೆ ಊರೊಳಗೆ ಹೋಗದೆ ಮಂಠಾಳದ ಬಸ್ಸು ಹತ್ತಿದೆ.

ಜಾಮೀನಿನ ಮೇಲೆ ಅವರು ಮನೆಗೆ ಬಂದ ದಿನ ನನ್ನ ಹೆಂಡತಿ ಅಂಗಳದಲ್ಲೇ ನಿಂತು, ಅಳಿಯನ ಮುಂದೆ ಮರ್ಯಾದೆ ಕಳೆದೆ ಎಂದು ಅಪ್ಪನನ್ನು ಬಾಯಿಗೆ ಬಂದಂತೆ ಬೈದಳು. ಬೇಟೆಯ ಹಿಂದಿನ ಸಂಜೆಯೇ ನಾನು ಮಂಠಾಳಕ್ಕೆ ಹೊರಟುಹೋಗಿದ್ದೆ ಎಂದು ಅತ್ತೆಗೂ ಅವಳಿಗೂ ಮಾವನೇ ನಂಬಿಸಿದ್ದರು. ಹಬ್ಬದ ಊಟ ಮುಗಿಸಿ ಅವರಿಬ್ಬರೂ ಹುಮನಾಬಾದಿನ ಅಕ್ಕನ ಮನೆಗೆ ಹೋಗಿದ್ದರಿಂದ ಅದು ಸುಳ್ಳೆಂದು ಅವರಿಗೆ ತಿಳಿಯಲಿಲ್ಲ. ಮಾವ ತಲೆ ತಗ್ಗಿಸಿ ಕೇಳಿಸಿಕೊಂಡರು. ಸುದ್ದಿ ಕೇಳಿ ಬಂದವನಂತೆ ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ.

ಕೋರ್ಟು ಮೂರು ವರ್ಷ ನಡೆಯಿತು. ವಾಯಿದೆ ಬಂದಾಗಲೆಲ್ಲ ಅವರು ಕೂಲಿ ಬಿಟ್ಟು, ಒಗೆದ ಧೋತರ ಉಟ್ಟು ಹುಮನಾಬಾದಿನ ಬಸ್ಸು ಹತ್ತುತ್ತಿದ್ದರು. ಅಷ್ಟರಲ್ಲಿ ನನ್ನ ನೌಕರಿ ಕಾಯಂ ಆಯಿತು, ಮಗಳು ಹುಟ್ಟಿದಳು. ಒಮ್ಮೆ ರಜೆ ಹಾಕಿ ಹೋಗಿ ಕೋರ್ಟಿನ ಮುಂದೆ ಅವರನ್ನು ಕಂಡೆ. ಇನ್ನು ತಡೆಯಲಾರೆ, ಒಳಗೆ ಹೋಗಿ ನಿಜ ಹೇಳಿಬಿಡುತ್ತೇನೆ ಎಂದೆ. ಅವರು ನನ್ನ ಮಣಿಕಟ್ಟು ಹಿಡಿದರು.

“ಒಬ್ಬಾಂವ ಸಿಕ್ಕೀನಿ, ಸಾಕ್ರಿ. ಅವತ್ತ ನಿಮಗ ಮನಸಿರಲಿಲ್ಲ ಅಂತ ನಂಗ ಗೊತ್ತಿತ್ತು. ಮೊಲಾನೋ ಕೌಜಗಾನೋ ಅಂತ ಕೇಳಿದ್ನೇ ಹೊರತು, ಬರ್ತೀರೋ ಇಲ್ಲೋ ಅಂತ ಕೇಳಲಿಲ್ಲ. ಇಲ್ಲ ಅಂದುಬಿಟ್ರ ಹ್ಯಾಂಗ ಅಂತ ಅಂಜಿಕಿ ಇತ್ರಿ.”

ತೀರ್ಪು ಬರುವ ಮೊದಲೇ, ಒಂದು ಬೇಸಿಗೆಯಲ್ಲಿ ಮಾವ ಹೊಲದಲ್ಲಿ ಕುಸಿದು ತೀರಿಕೊಂಡರು. ಮಣ್ಣು ಮಾಡಿ ಬಂದು ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದೆವು. ಹುಮನಾಬಾದಿನ ಷಡ್ಡಕ, ಬದುಕಿದ್ದಾಗ ಕೇಸು ಒಂದನ್ನೇ ಗಳಿಸಿ ಹೋದರು ಎಂದು ಯಾರಿಗೋ ಹೇಳುತ್ತಿದ್ದ. ನಾನು ಎದ್ದು ನಿಂತು, ಆ ದಿನ ಅವರ ಜೊತೆ ನಾನೂ ಇದ್ದೆ, ಒಂದು ಹಕ್ಕಿ ನನ್ನ ಕೈಯಲ್ಲಿತ್ತು, ನನ್ನನ್ನು ಉಳಿಸಲು ಒಬ್ಬರೇ ಸಿಕ್ಕಿಬಿದ್ದರು ಎಂದು ಎಲ್ಲರ ಎದುರು ಹೇಳಿದೆ. 

 ನನ್ನ ಹೆಂಡತಿ ಮಗಳನ್ನು ತೊಡೆಯಿಂದ ಇಳಿಸಿ ನನ್ನನ್ನೇ ನೋಡಿದಳು.

“ಅವತ್ತ ಅಂಗಳದಾಗ ನಾ ಅಪ್ಪಗ ಬಯ್ಯಾಕತ್ತಾಗ ಹೇಳಬೇಕಿತ್ರಿ” ಎಂದಳು.