ನಸೀಬೋ ಪಾಸಾದ ರಕ್ತಪರೀಕ್ಷೆ

ಪಂಜಾಬಿನ ರಾಮ್‌ಪುರಾದ ಹಳೇ ಬಾವಿಯ ಓಣಿಯಲ್ಲಿ ಮೂವತ್ತೊಂದು ವರ್ಷದಿಂದ ತಂದೂರ್ ಒಲೆಯ ಮುಂದೆ ಮಣೆ ಹಾಕಿ ಕೂತವಳು ನಸೀಬ್ ಕೌರ್, ಓಣಿಯ ಬಾಯಲ್ಲಿ ನಸೀಬೋ. ಸಂಜೆಯಾದರೆ ಓಣಿಯ ಹೆಂಗಸರು ಗೋಧಿ ಹಿಟ್ಟು ನಾದಿಕೊಂಡು ಬರುತ್ತಾರೆ, ನಸೀಬೋ ರೊಟ್ಟಿ ಸುಟ್ಟು ಕೊಡುತ್ತಾಳೆ, ಒಬ್ಬೊಬ್ಬರ ಪರಾತದಿಂದ ಒಂದೊಂದು ಉಂಡೆ ಹಿಟ್ಟು ಅವಳ ಕೂಲಿ. ಹಿಟ್ಟಿನ ಜೊತೆ ಸುದ್ದಿಯೂ ಬರುತ್ತದೆ. ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಯಾರ ಎಮ್ಮೆ ಒದ್ದಿತು, ಎಲ್ಲವೂ ಮೊದಲು ಅವಳ ಕಿವಿಗೆ ಬಿದ್ದು, ಉಪ್ಪುಖಾರ ಹಚ್ಚಿಸಿಕೊಂಡೇ ಮುಂದೆ ಹೋಗಬೇಕು. ಪುರಸಭೆಯ ಕುರ್ಚಿಗಾದರೂ ಚುನಾವಣೆ ಉಂಟು, ಆ ಮಣೆಗೆ ಅದೂ ಇರಲಿಲ್ಲ.

ಮಣೆಯ ಮೇಲೆ ಕಣ್ಣಿಟ್ಟವಳು ಒಬ್ಬಳೇ, ಗೇಲೋ. ಒಡಹುಟ್ಟಿದ ತಂಗಿ, ಇಬ್ಬರೂ ಒಂದೇ ಮನೆಯ ಅಣ್ಣತಮ್ಮಂದಿರನ್ನು ಕಟ್ಟಿಕೊಂಡದ್ದರಿಂದ ಓರಗಿತ್ತಿಯೂ ಹೌದು. ಅಕ್ಕ ಸೀನಿದರೆ ಸಾಕು, "ಸುಸ್ತಾಯ್ತೇನಕ್ಕಾ? ಏಳು, ನಾನು ಕೂರ್ತೀನಿ" ಅನ್ನುತ್ತಿದ್ದಳು.

ಆ ವರ್ಷ ನಸೀಬೋಗೆ ನಿಜವಾಗಿಯೂ ಸುಸ್ತಾಯಿತು. ಹೊಟ್ಟೆ ಉಬ್ಬರ, ಭೇದಿ, ಮೈಯಲ್ಲಿ ರಕ್ತವಿಲ್ಲ, ಕಬ್ಬಿಣದ ಮಾತ್ರೆ ಎಷ್ಟು ನುಂಗಿದರೂ ಹತ್ತುತ್ತಿರಲಿಲ್ಲ. ಬಠಿಂಡಾದ ಡಾಕ್ಟರಮ್ಮ ಸಿಂಗ್ಲಾ ನೋಡಿ, ಹಿರಿಯಳೆಂಬ ಗೌರವದಿಂದ "ಬೀಜಿ, ಗೋಧಿ ನಿಮಗೆ ಒಗ್ತಾ ಇಲ್ಲ ಅನ್ಸತ್ತೆ. ರಕ್ತ ಟೆಸ್ಟ್ ಮಾಡಿಸಿ. ಅಲ್ಲೀತನಕ ಮಾತ್ರ ಗೋಧಿ ಬಿಡಬೇಡಿ, ಬಿಟ್ರೆ ಕಾಯಿಲೆ ಇದ್ರೂ ಕಾಣದೆ ರಿಪೋರ್ಟು ಕೆಟ್ಟುಹೋಗತ್ತೆ" ಅಂದರು.

ಗೋಧಿ ಹೋದರೆ ಮಣೆ ಹೋಯಿತು, ಮಣೆ ಹೋದರೆ ಗೇಲೋ ಕೂತಳು. ನಸೀಬೋಗೆ ಕಾಯಿಲೆಗಿಂತ ಇದೇ ದೊಡ್ಡ ಭಯ. ಆದರೆ ಬಸ್ಸಿನಲ್ಲಿ ಬರುವಾಗ ಡಾಕ್ಟರಮ್ಮನ ಮಾತೇ ದಾರಿ ತೋರಿಸಿತು. ಬಿಟ್ಟರೆ ರಿಪೋರ್ಟು ಕೆಡುತ್ತದೆ ತಾನೇ? ಕೆಡಲಿ!

"ಲೋಹ್ಡಿ ಹಬ್ಬ ಮುಗೀಲಿ, ಆಮೇಲೆ ಸೂಜಿ ಚುಚ್ಚಿಸ್ಕೋತೀನಿ" ಎಂದು ಸೊಸೆ ಪರಮಿಂದರಳಿಗೆ ಹೇಳಿದಳು. ಚಳಿಗಾಲ ಬೇರೆ. ಮನೆಮನೆಯಲ್ಲೂ ಸಾಸಿವೆ ಸೊಪ್ಪಿನ ಸಾಗು, ಮೆಕ್ಕೆಜೋಳದ ರೊಟ್ಟಿ. ಮುದುಕಿ ಎರಡು ತಿಂಗಳು ಆ ರೊಟ್ಟಿಯೊಂದನ್ನೇ ತಿಂದರೆ ಯಾರಿಗೆ ಅನುಮಾನ? ಕೂಲಿಯ ಹಿಟ್ಟಿನುಂಡೆಗಳೆಲ್ಲ ಎಮ್ಮೆಯ ಹೊಟ್ಟೆ ಸೇರಿದವು. ಗುರುದ್ವಾರದ ಗೋಧಿಹಲ್ವದ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು, ದುಪಟ್ಟಾದ ತುದಿಗೆ ಕಟ್ಟಿ ತಂದು ಮೊಮ್ಮಕ್ಕಳಿಗೆ ಕೊಟ್ಟಳು. ಆಗ ಮಾತ್ರ ಅವಳಿಗೆ ಕಳ್ಳತನ ಮಾಡಿದಷ್ಟು ನಾಚಿಕೆಯಾಗುತ್ತಿತ್ತು.

ರಿಪೋರ್ಟು ಬಂತು. ಇಪ್ಪತ್ತರೊಳಗಿದ್ದರೆ ಸರಿ ಎಂದು ಅಚ್ಚಾಗಿತ್ತು, ಇವಳದು ಹದಿನೆಂಟು.

"ಪಾಸು!" ನಸೀಬೋ ಆಸ್ಪತ್ರೆಯ ಬೆಂಚಿನಿಂದ ನೆಗೆದೆದ್ದಳು.

ಡಾಕ್ಟರಮ್ಮ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ರಕ್ತ ಇನ್ನೂ ಕಡಿಮೇನೇ ಇದೆ. ಕಾಯಿಲೆ ಇಲ್ಲ ಅನ್ನೋಕೆ ಈ ನಂಬರ್ ಒಂದೇ ಸಾಲದು ಬೀಜಿ. ಹೊಟ್ಟೆ ಹೇಗಿದೆ?"

ಬಾಯಿ ತೆರೆದವಳು ಪರಮಿಂದರ್. "ಈಗ ಹುಡುಗಿ ಆಗ್ಬಿಟ್ಟಿದಾರೆ ಮೇಡಂ! ಲೋಹ್ಡಿ ಬೆಂಕಿ ಸುತ್ತ ಗಿದ್ದಾ ಕುಣಿದ್ರು. ಎರಡು ತಿಂಗಳಿಂದ ಬರೀ ಮೆಕ್ಕೆಜೋಳದ ರೊಟ್ಟಿ, ನಾನು ಮಾಡಿದ ಪರಾಠ ಮುಟ್ಟಿಲ್ಲ!"

ನಸೀಬೋ ಸೊಸೆಯ ತೊಡೆ ಚಿವುಟಿದಳು. ತಡವಾಗಿತ್ತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಪರೀಕ್ಷೆಗೆ ಬೇರೆಯವ್ರನ್ನ ಕೂರಿಸಿದ ಹಾಗಾಯ್ತಲ್ಲ ಬೀಜಿ! ಗೋಧಿ ತಿಂದ್ರೆ ತಾನೇ ರಕ್ತದಲ್ಲಿ ಜಗಳ ಶುರುವಾಗೋದು, ಅದು ನಮಗೆ ಕಾಣೋದು? ಇನ್ನು ಆರು ವಾರ ದಿನಾ ಗೋಧಿ ರೊಟ್ಟಿ ತಿಂದು ಬನ್ನಿ. ತಡೆಯೋಕಾಗದಿದ್ರೆ ಮೊದ್ಲೇ ಬನ್ನಿ."

ರೋಗಿ ಬಯಸಿದ್ದೂ ಗೋಧಿ ರೊಟ್ಟಿ, ವೈದ್ಯೆ ಹೇಳಿದ್ದೂ ಗೋಧಿ ರೊಟ್ಟಿ! ನಸೀಬೋ ಮೊದಲ ದಿನವೇ ಗುರುದ್ವಾರಕ್ಕೆ ಹೋಗಿ ಎರಡು ಕೈ ಒಡ್ಡಿ ಪ್ರಸಾದ ಪಡೆದಳು. ತಂದೂರಿನ ಮೊದಲ ರೊಟ್ಟಿಗೆ ಬೆಣ್ಣೆ ಮೆತ್ತಿ, ಗೇಲೋಗೆ ಕಾಣುವಂತೆ ತಿಂದಳು.

ಹತ್ತನೇ ದಿನ ಹೊಟ್ಟೆ ಗುಡುಗಿತು. ನಾಲ್ಕನೇ ವಾರಕ್ಕೆ ಗೋಡೆ ಹಿಡಿದು ನಡೆಯುತ್ತಿದ್ದಳು. ಗಿದ್ದಾ ಕುಣಿದ ಕಾಲುಗಳು ಇವೇನಾ ಎಂದು ತನ್ನ ಪಾದಗಳನ್ನೇ ನೋಡುತ್ತ ಕೂತಳು. ಮಾಡಿದ ಮೋಸ ಯಾರಿಗೆ ಎಂಬುದು ಆಗ ತಿಳಿಯಿತು, ಒಬ್ಬಳೇ ಅತ್ತಳು. ಆದರೂ ಹಟ ಹಿಡಿದು ಆರು ವಾರ ಮುಗಿಸಿದಳು.

ಈ ಸಲ ನೂರ ಎಂಬತ್ತಾರು. ಗಂಟಲಿಗೆ ಕೊಳವೆ ಇಳಿಸಿ ಕರುಳನ್ನೂ ನೋಡಿದರು. ಅನುಮಾನ ಉಳಿಯಲಿಲ್ಲ.

"ಇನ್ನು ಜೀವ ಇರೋವರೆಗೂ ಗೋಧಿ ಇಲ್ಲ ಬೀಜಿ. ಒಣಹಿಟ್ಟಿನ ಧೂಳೂ ಬೇಡ. ಇದು ರಕ್ತಸಂಬಂಧದಲ್ಲಿ ಬರತ್ತೆ. ಮಕ್ಕಳಿಗೆ, ಒಡಹುಟ್ಟಿದವ್ರಿಗೆ ಟೆಸ್ಟ್ ಮಾಡಿಸಿ."

ಒಡಹುಟ್ಟಿದವರು! ತಂಗಿಯ ಬಿಳಿಚಿದ ಉಗುರು, ಊಟವಾದ ಮೇಲೆ ಹಿತ್ತಿಲಿಗೆ ಓಡುವುದು ನಸೀಬೋಗೆ ನೆನಪಾಯಿತು. ಸಂಜೆ ನಸೀಬೋ ಮಣೆಯ ಮೇಲೆ ಕೂರದೆ ಪಕ್ಕದಲ್ಲಿ ನಿಂತಿದ್ದಳು, ಹೆಂಗಸರು ತಮ್ಮ ರೊಟ್ಟಿ ತಾವೇ ಸುಟ್ಟುಕೊಳ್ಳುತ್ತಿದ್ದರು. ವಿಷಯ ಕೇಳಿದ ಗೇಲೋ ಅತ್ತಿತ್ತ ನೋಡಿ, ಅಕ್ಕನ ಕಿವಿಗೆ ಬಾಯಿಟ್ಟಳು.

"ಅಕ್ಕಾ, ನೀನು ಮೊದಲನೇ ಸಲ ಪಾಸಾಗಿದ್ದು ಹೆಂಗೆ? ನಂಗೂ ಹೇಳ್ಕೊಡೇ."

ನಸೀಬೋ ನಗಲಿಲ್ಲ. ಬಿಸಿ ರೊಟ್ಟಿಯೊಂದನ್ನು ಮುರಿದು ತಂಗಿಯ ಬಾಯಿಗೆ ತುರುಕಿದಳು. "ತಿನ್ನೇ ಮುಂಡೇದೇ. ರಕ್ತ ಕೊಡೋವರೆಗೂ ದಿನಾ ನನ್ನೆದುರಿಗೇ ಕೂತು ತಿನ್ನಬೇಕು."

ಗೇಲೋ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ಮಣೆಯತ್ತ ಕಣ್ಣು ಹಾಯಿಸಿದಳು.

"ಅದಾ? ತಗೊಂಡು ಹೋಗಿ ಪರಮಿಂದರ್‌ಗೆ ಕೊಡು," ಅಂದಳು ನಸೀಬೋ. "ಹಿಟ್ಟು ಅವಳು ನೋಡ್ಕೊಳ್ಲಿ, ನಾವಿಬ್ರೂ ದೂರ ಕೂತು ಓಣಿ ಸುದ್ದಿ ನೋಡ್ಕೊಳ್ಳೋಣ."