ಸದ್ದು ನಿಂತ ಗಳಿಗೆ

ನಮ್ಮದು ಬನಹಟ್ಟಿಯ ನೇಕಾರರ ಮನೆ. ಪಡಸಾಲೆಯಲ್ಲೇ ಪವರ್‌ಲೂಮ್‌ಗಳು. ಆ ಗದ್ದಲದಲ್ಲಿ ನಮಗೆ ಸುಖವಾಗಿ ನಿದ್ದೆ ಬರುತ್ತದೆ. ಎಚ್ಚರವಾಗುವುದು ಸದ್ದು ನಿಂತಾಗ. ಮಗ್ಗ ನಿಂತಿತೆಂದರೆ ಎಲ್ಲೋ ಎಳೆ ಹರಿದಿದೆ ಎಂದೇ ಅರ್ಥ. ನಮ್ಮ ಅತ್ತೆಯಂತೂ ಬಾಯಲ್ಲಿ ತುತ್ತಿದ್ದರೂ ಎದ್ದು ಓಡುತ್ತಿದ್ದರು.

ನನ್ನ ಮೊದಲ ಮಗು ಹೃದಯದಲ್ಲಿ ತೂತಿದ್ದು, ಮಗ್ಗುಲು ಹೊರಳುವ ಮುಂಚೆಯೇ ತೀರಿಕೊಂಡಿತ್ತು. ಎರಡನೆಯದು ಹೊಟ್ಟೆಯಲ್ಲಿದ್ದಾಗ ಜಮಖಂಡಿಯ ಡಾಕ್ಟರು, ಬೆಳಗಾವಿಗೆ ಹೋಗಿ ಕೂಸಿನ ಹೃದಯವನ್ನೇ ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ ಎಂದರು. ಹುಟ್ಟುವ ಮೊದಲೇ ಅದನ್ನು ನೋಡಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಗಂಡ ಮಗ್ಗ ಬಿಟ್ಟು ಬರುವಂತಿರಲಿಲ್ಲ; ಅತ್ತೆ ಹೊರಟರು. ಮಹಾಲಿಂಗಪುರ ದಾಟುವವರೆಗೂ "ಏನೂ ಆಗೂದಿಲ್ಲ ಬಿಡವಾ" ಎಂದು ನನಗೆ ಧೈರ್ಯ ಹೇಳಿದರು. ಆಮೇಲೆ ತಾವೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೂತರು. ಅವರಿಗೆ ಧೈರ್ಯ ಹೇಳುವ ಕೆಲಸವೂ ನನ್ನ ಪಾಲಿಗೇ ಬಂತು.

ಬೆಳಗಾವಿಯ ಆಸ್ಪತ್ರೆಯಲ್ಲಿ ಮಬ್ಬುಗತ್ತಲ ಕೋಣೆ. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್. ಡಾಕ್ಟರಮ್ಮ ಅದರ ಮೇಲೆ ಯಂತ್ರದ ಹಿಡಿಕೆ ಆಡಿಸಿದಂತೆ ಪರದೆಯಲ್ಲಿ ಪುಟ್ಟ ಹೃದಯ ಮಿಡಿಯಿತು. ಒಂದು ಗುಂಡಿ ಒತ್ತಿದರು ನೋಡಿ, ಸದ್ದೂ ಶುರುವಾಯಿತು: ಖಟಾಖಟ್, ಖಟಾಖಟ್. ಅತ್ತೆಯ ಮುಖ ಅರಳಿತು.

"ನಮ್ಮ ಮಗ್ಗದ ಹಂಗ ಓಡಾಕತ್ತೈತಲ್ಲ!"

ಇದ್ದಕ್ಕಿದ್ದಂತೆ ಸದ್ದು ನಿಂತಿತು. ಚಿತ್ರವೂ ಅಲುಗಾಡದೆ ನಿಂತಿತು.

"ಎಳಿ ಹರೀತು! ಯವ್ವಾ, ಹರೀತು!" ಎಂದು ಅತ್ತೆ ಸ್ಟೂಲಿನಿಂದ ಎದ್ದವರೇ ಪರದೆಗೆ ಕೈ ಹಾಕಿದರು. ನನ್ನ ಜೀವ ಬಾಯಿಗೆ ಬಂತು.

ಡಾಕ್ಟರಮ್ಮ ಅವರ ಕೈ ಹಿಡಿದು, "ಏನೂ ಹರದಿಲ್ಲರಿ. ಅಳತಿ ತಗೊಳ್ಳಾಕ ನಾನ ನಿಲ್ಲಿಸೇನಿ" ಎಂದು ಮತ್ತೆ ಗುಂಡಿ ಒತ್ತಿದರು. ಖಟಾಖಟ್. ಡಾಕ್ಟರಮ್ಮನಿಗೆ ನಗು, ನನಗೆ ಅತ್ತೆಯ ಮೇಲೆ ಕೆಟ್ಟ ಸಿಟ್ಟು. ಮಲಗಿದಲ್ಲಿಂದ ಏಳುವಂತಿದ್ದರೆ ಅವರನ್ನು ಹೊರಗೆ ಕಳಿಸಿಯೇ ಬಿಡುತ್ತಿದ್ದೆ. ಅವರು ಮಾತ್ರ ಅವಸರ ಮಾಡದೆ ಎಲ್ಲ ಮಗ್ಗುಲಿನಿಂದ ನೋಡಿ ಮುಗಿಸಿದರು.

"ಹೃದಯದ ನಾಲ್ಕೂ ಕೋಣಿ ಛಲೋ ಅದಾವು. ನಡುವಿನ ಗ್ವಾಡಿನೂ ಗಟ್ಟಿ ಐತಿ. ಆ ಕೂಸಿನ ತೊಂದ್ರಿ ಈ ಕೂಸಿಗೆ ಇಲ್ರಿ."

ಜೆಲ್ ಒರೆಸಿಕೊಳ್ಳುವುದನ್ನೂ ಮರೆತು ನಾನು ಅಳತೊಡಗಿದೆ. ಸಿಟ್ಟು ಎಲ್ಲಿ ಹೋಯಿತೋ, ಅತ್ತೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಸಂಜೆ ಊರು ಮುಟ್ಟಿದಾಗ ಕರೆಂಟ್ ಹೋಗಿ ಇಡೀ ಓಣಿಯ ಮಗ್ಗಗಳು ಸುಮ್ಮನಾಗಿದ್ದವು. ಗಂಡ ಬಾಗಿಲಲ್ಲೇ ನಿಂತಿದ್ದ. "ಏನಂದ್ರು?" ಎಂದು ನಾವು ಹೊಸ್ತಿಲು ದಾಟುವ ಮೊದಲೇ ಕೇಳಿದ. ಅತ್ತೆ ಚಪ್ಪಲಿಯನ್ನೂ ಬಿಡದೆ ಬಗ್ಗಿ ನನ್ನ ಹೊಟ್ಟೆಗೆ ಕಿವಿಯಿಟ್ಟರು. ಆಮೇಲೆ ಮಗನ ಕಡೆ ತಿರುಗಿದರು.

"ಹೆದರಬ್ಯಾಡ ಲೇ. ಇಲ್ಲಿ ಕರೆಂಟ್ ಐತಿ."