ಅಕ್ಕನ ಓದುವ ಯಂತ್ರ

ಅಲ್ಲ, ಕಂಪ್ಯೂಟರು ತುಂಬ ನಿಧಾನವಾಗಿದೆ ಎಂದು ದೂರಿದವಳು ಅಕ್ಕನೇ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ, ಆದರೆ ಆ ಮಾತನ್ನು ಆಡುವ ಅವಳ ದನಿ ನನ್ನ ನೆನಪಿನಲ್ಲಿ ಇಲ್ಲ. ಅವಳ ಬೇರೆ ಮಾತುಗಳಿಗೆಲ್ಲ ದನಿ ಇದೆ. ಇದೊಂದಕ್ಕೆ ಇಲ್ಲ. ಹಾಗಾಗಿ ದೂರಿದವನು ನಾನೇ ಇರಬಹುದು. ಅವಳಿಗೆ ಅವಸರವೇನೂ ಇರಲಿಲ್ಲ.

ಅಕ್ಕನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಸಿಕಂದರಾಬಾದಿನ ಹತ್ತಿರದ ಬಾಲಾನಗರದ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದಳು. ಅಪ್ಪ, ಅವ್ವ ಹೋದ ಮೇಲೆ ಆ ಕಡೆಯ ಬಾಡಿಗೆ ಮನೆಯಲ್ಲಿ ನಾವಿಬ್ಬರೇ ಉಳಿದೆವು. ಶಾಲೆಗೆ ಹೋಗುತ್ತಿದ್ದಾಗಿನಿಂದಲೂ ಅವಳಿಗೆ ಓದಿ ಹೇಳುವವನು ನಾನು. ಭಾನುವಾರ ಅಬಿಡ್ಸ್‌ನ ಫುಟ್‌ಪಾತಿನಿಂದ ಹಳೆಯ ಇಂಗ್ಲಿಷ್ ಕಾದಂಬರಿ ತರುತ್ತಿದ್ದೆ, ಊಟಕ್ಕೆ ಮೊದಲು ಒಂದು ತಾಸು ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದೂ ಪೂರ್ತಿ ನಿಜವಲ್ಲ. ಮರಗಿಡಗಳ ವರ್ಣನೆ ಬಂದರೆ ಹಾರಿಸುತ್ತಿದ್ದೆ. ಹಸಿವಾದರೆ ಪುಟಗಳನ್ನೇ ಬಿಡುತ್ತಿದ್ದೆ. ಎರಡು ಹಾಳೆಗಳನ್ನು ಒತ್ತಿ ಹಿಡಿದು, ತಿರುವುವಾಗ ಒಂದೇ ಹಾಳೆಯ ಸದ್ದು ಬರುವಂತೆ ಮಾಡುವುದನ್ನು ಕಲಿತಿದ್ದೆ. ಬೆರಳಿಗೆ ಆ ಅಭ್ಯಾಸ ಈಗಲೂ ಇದೆ.

ಆಮೇಲೆ ಅವಳು ಒಂದು ಕಂಪ್ಯೂಟರು, ಒಂದು ಸ್ಕ್ಯಾನರು, ಜೊತೆಗೆ ಅಚ್ಚಾದ ಪುಟವನ್ನು ಗುರುತಿಸಿ ಗಟ್ಟಿಯಾಗಿ ಓದುವ ಸಾಫ್ಟ್‌ವೇರ್ ಕೊಂಡಳು. ಪುಸ್ತಕವನ್ನು ಗಾಜಿನ ಮೇಲೆ ಕವುಚಿ, ಮುಚ್ಚಳವನ್ನು ಅಂಗೈಯಿಂದ ಒತ್ತಿ, ಒಳಗಿನ ದೀಪ ಸರಿದು ಮರಳುವ ಸದ್ದಿಗೆ ಕಾಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಒಬ್ಬ ಗಂಡಸಿನ ದನಿ ಪುಟಸಂಖ್ಯೆಯನ್ನೂ ಬಿಡದೆ ಓದತೊಡಗುತ್ತಿತ್ತು. ಇಂಗ್ಲಿಷ್ ಮಾತ್ರ, ಅದೂ ಅಮೆರಿಕದವರ ಉಚ್ಚಾರದಲ್ಲಿ. ನಾನು ಟೀವಿ ಹಾಕಿದರೆ ಒಳಗಿನಿಂದಲೇ ಗದರುತ್ತಿದ್ದಳು.

“ಸಪ್ಪಳ ಮಾಡಬ್ಯಾಡೋ. ನಿಮ್ಮ ಭಾವ ಓದಾಕತ್ತಾರ.”

“ಭಾವಗ ನೆಗಡಿ ಬಂದಂಗೈತಿ ನೋಡಕ್ಕಾ.”

“ಬರ್ಲಿ. ನಿನ್ನಂಗ ಆಕಳಿಸೂದಿಲ್ಲ ಅವರು.”

ಎಷ್ಟೋ ತಿಂಗಳು ಹೀಗೇ ನಡೆಯಿತು. ಒಂದು ದಿನ, ಹಿಂದೆ ನಾನು ಓದಿ ಮುಗಿಸಿದ್ದ ಕಾದಂಬರಿಯೊಂದನ್ನು ಅವಳು ಮತ್ತೆ ಗಾಜಿನ ಮೇಲಿಟ್ಟಳು. ಅದರಲ್ಲಿ ಒಂದು ಅಧ್ಯಾಯವಿತ್ತು. ತಾಯಿ ತೀರಿಕೊಂಡ ಮೇಲೆ ಕಣ್ಣಿಲ್ಲದ ತಂಗಿಯನ್ನು ಯಾರ ಮನೆಯಲ್ಲಿ ಇರಿಸುವುದು ಎಂದು ಅಣ್ಣಂದಿರು ಚರ್ಚಿಸುತ್ತಾರೆ. ಅವಳು ಪಕ್ಕದ ಕೋಣೆಯಲ್ಲೇ ಇರುತ್ತಾಳೆ. ಅದನ್ನು ನಾನು ಪೂರ್ತಿ ಬಿಟ್ಟಿದ್ದೆ. ಆಗ ನಮ್ಮವ್ವ ಹೋಗಿ ಹೆಚ್ಚು ದಿನವಾಗಿರಲಿಲ್ಲ. ಕನಿಕರದಿಂದ ಬಿಟ್ಟೆ ಎಂದು ಬರೆಯಲು ಕೈ ತಾನೇ ಮುಂದಾಗುತ್ತದೆ. ಆ ವಾರ ನಾನೂ ಅದೇ ಲೆಕ್ಕಾಚಾರದಲ್ಲಿದ್ದೆ ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಬೇಕಾಗುತ್ತದೆ.

“ಈ ಚಾಪ್ಟರ್ ನೀ ಓದಿಲ್ಲಲ್ಲೋ,” ಎಂದಳು ಅಕ್ಕ.

“ಓದೀನಿ. ನೀ ಮರತಿ.”

“ಕಾರ್ಖಾನಿ ನಂಬರೆಲ್ಲಾ ತಲ್ಯಾಗ ಇಟ್ಕೊಂಡಾಕಿ ನಾ. ಒಂದು ಚಾಪ್ಟರ್ ಮರೀತೀನೇನು?”

“ಮರತೀ ಅಕ್ಕಾ. ಎಲ್ಲಾರೂ ಮರೀತಾರ.”

ಅವಳು ಮುಂದಿನ ವಾರದಿಂದ ಹೊಸ ಪುಸ್ತಕ ತರಲು ಹೇಳಲಿಲ್ಲ. ಕಪಾಟಿನಲ್ಲಿದ್ದ, ನಾನು ಓದಿದ್ದ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ಯಂತ್ರದಿಂದ ಓದಿಸತೊಡಗಿದಳು. ಕೆಲವು ಕಡೆ ನಿಲ್ಲಿಸಿ, ಅದೇ ಪುಟವನ್ನು ಮತ್ತೆ ಕೇಳುತ್ತಿದ್ದಳು. ನನ್ನನ್ನು ಏನೂ ಕೇಳುತ್ತಿರಲಿಲ್ಲ. ನಾನು ಆ ಕೋಣೆಗೆ ಹೋಗುವುದನ್ನು ಬಿಟ್ಟೆ.

ಅವಳು ಮೂರನೆಯದೋ ನಾಲ್ಕನೆಯದೋ ಪುಸ್ತಕದಲ್ಲಿದ್ದಾಗ ನಾನು ಕಂಪ್ಯೂಟರು ಬದಲಾಯಿಸಿದೆ.

ಊರಿಗೆ ಊರೇ ಹಳೆಯದನ್ನು ಕೊಟ್ಟು ಹೊಸದನ್ನು ತರುತ್ತಿದ್ದ ಕಾಲ ಅದು. ನನಗೆ ಹೈಟೆಕ್ ಸಿಟಿಯ ಕಂಪನಿಯೊಂದರಲ್ಲಿ ಕೆಲಸ. ಯಾವುದೋ ದೇಶದ ಕಚೇರಿಗಳ ಹಳೆಯ ಪ್ರೋಗ್ರಾಮುಗಳು ಹೊಸ ಆಪರೇಟಿಂಗ್ ಸಿಸ್ಟಂನಲ್ಲಿ ನಡೆಯುತ್ತವೆಯೋ ಇಲ್ಲವೋ ಪರೀಕ್ಷಿಸಿ ಪಟ್ಟಿ ಮಾಡುವುದೇ ಆ ಕೆಲಸ. ಇದು ಕಥೆಗೆಂದು ಕಟ್ಟಿದಂತೆ ಕಾಣುತ್ತದೆ, ಅದಕ್ಕೇ ನನಗೆ ಹೇಳಲು ನಾಚಿಕೆ. ಆದರೆ ಆಗ ಆ ಊರಿನಲ್ಲಿ ಎಷ್ಟೋ ಜನ ಅದನ್ನೇ ಮಾಡಿ ಅನ್ನ ಉಣ್ಣುತ್ತಿದ್ದರು.

ಅಕ್ಕ ಡ್ಯೂಟಿಗೆ ಹೋಗಿದ್ದಾಗ ಹೊಸ ಕಂಪ್ಯೂಟರು ಬಂತು. ಹಳೆಯದನ್ನು ಸಿಕಂದರಾಬಾದಿನ ಅಂಗಡಿಯವನು ಬದಲಿಗೆ ಒಯ್ದ. ಸಂಜೆ ಅವಳು ಬಂದು ಮೇಜಿನ ಮೇಲೆ ಕೈಯಾಡಿಸಿದಳು.

“ಇದು ನಂದಲ್ಲ.”

“ಹೊಸಾದು ಅಕ್ಕಾ. ಭಾಳ ಫಾಸ್ಟ್ ಐತಿ.”

“ಓದ್ತೈತೇನು?”

ಓದಲಿಲ್ಲ. ಓದುವ ಸಾಫ್ಟ್‌ವೇರಿನ ಸಿಡಿ ಹಾಕಿದರೆ, ಈ ಪ್ರೋಗ್ರಾಮು ಈ ಸಿಸ್ಟಂನಲ್ಲಿ ನಡೆಯುವುದಿಲ್ಲ ಎಂದು ಪರದೆ ಹೇಳಿತು. ಹೊಸ ಸಿಸ್ಟಂ ಹಳೆಯದರಂತೆ ನಟಿಸುವ ಹಾಗೆ ಮಾಡುವ ಒಂದು ಆಯ್ಕೆ ಇತ್ತು, ಅದನ್ನು ಒತ್ತಿದೆ. ಸ್ಕ್ಯಾನರಿನ ದೀಪ ಸರಿಯಿತು, ಮರಳಿತು. ಆ ಗಂಡಸಿನ ದನಿ ಪುಟದ ಮೊದಲ ಪದ ಹೇಳಿ ನಿಂತುಬಿಟ್ಟಿತು. ಮತ್ತೆ ಮಾಡಿದರೆ ಮತ್ತೆ ಅದೇ ಒಂದು ಪದ. ಸಾಫ್ಟ್‌ವೇರ್ ಮಾರಿದವರಿಗೆ ಫೋನ್ ಮಾಡಿದೆ. ಅದನ್ನು ತಯಾರಿಸುತ್ತಿದ್ದ ಕಂಪನಿಯನ್ನು ಇನ್ನೊಬ್ಬರು ಕೊಂಡಿದ್ದಾರೆ, ಹೊಸ ಸಿಸ್ಟಂಗೆ ಯಾವಾಗ ಬರುತ್ತದೋ ತಿಳಿಯದು ಎಂದರು.

ಮರುದಿನ ಸಿಕಂದರಾಬಾದಿಗೆ ಓಡಿದೆ. ಅಂಗಡಿಯವನು ಚಹಾ ಕುಡಿಯುತ್ತಿದ್ದ.

“ವೋ ತೋ ಖೋಲ್ ದಿಯೇ ಸಾಬ್,” ಎಂದ. ಬಿಚ್ಚಿಯಾಗಿತ್ತು. “ಪುರಾನಾ ಮಾಲ್, ಉಸಕೂ ಕ್ಯಾ ರೋನಾ?” ಹಳೆಯ ಸಾಮಾನಿಗೆ ಅಳುವುದೇನಿದೆ ಎಂದು ಅವನಿಗೆ ನಗು.

ಹೊಸ ಕಂಪ್ಯೂಟರಿಗೇ ಹಳೆಯ ಸಿಸ್ಟಂ ಹಾಕಬಹುದಿತ್ತು. ಕಂಪನಿಯಲ್ಲಿ ಯಾವ ಯಾವ ದೇಶದವರಿಗೋ ಅದನ್ನು ಮಾಡಿಕೊಡುತ್ತಿದ್ದೆ. ಈ ವಾರ ಮಾಡುತ್ತೇನೆ, ಬರುವ ವಾರ ಮಾಡುತ್ತೇನೆ ಎಂದೆ. ಒಮ್ಮೆ ಮಾಡಿ ನೋಡಿದೆ, ಆಗಲಿಲ್ಲ ಎಂದು ಅಕ್ಕನಿಗೆ ಹೇಳಿದ್ದು ನೆನಪಿದೆ. ಮಾಡಿ ನೋಡಿದ್ದು ನೆನಪಿಲ್ಲ.

ಸುಮಾರು ಒಂದು ತಿಂಗಳ ಮೇಲೆ, ಒಂದು ಭಾನುವಾರ, ಅವಳು ಅರ್ಧಕ್ಕೆ ಬಿಟ್ಟಿದ್ದ ಪುಸ್ತಕವನ್ನು ಕೈಗೆತ್ತಿಕೊಂಡು ಬಾಗಿಲಲ್ಲಿ ನಿಂತೆ.

“ನಾ ಓದ್ಲೇನಕ್ಕಾ?”

ಅವಳು ಹಸಿಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಬ್ಯಾಡ. ಅಲ್ಲೇ ಇಡು. ಇದ್ದದ್ದು ಇದ್ದಂಗ ಓದಾವ್ರು ಸಿಕ್ರ ಓದಿಸ್ಕೋತೀನಿ.”

ನಾನು ಇಟ್ಟೆ. ಆಮೇಲೆ ಅವಳಿಗೆ ನಾನು ಏನನ್ನೂ ಓದಿಲ್ಲ, ಬಂದ ಕಾಗದಗಳನ್ನೂ ಸಹ. ಅವನ್ನು ಕಾರ್ಖಾನೆಗೆ ಒಯ್ದು ಜೊತೆಯವರಿಂದ ಓದಿಸಿಕೊಂಡು ಬರುತ್ತಿದ್ದಳು. ಈಗ ಅವಳ ಫೋನೇ ಎಲ್ಲವನ್ನೂ ಓದುತ್ತದೆ. ಕಿವಿಗೆ ತಂತಿ ಸಿಕ್ಕಿಸಿಕೊಂಡಿರುತ್ತಾಳೆ, ಏನು ಕೇಳುತ್ತಿದ್ದಾಳೆಂದು ನನಗೆ ತಿಳಿಯುವುದಿಲ್ಲ.

ನಾನು ಬಿಟ್ಟ ಪುಟಗಳಲ್ಲಿ ಎಷ್ಟು ಅವಳಿಗೆ ಸಿಕ್ಕವು ಎಂದು ಅವಳು ಹೇಳಿಲ್ಲ, ನಾನು ಕೇಳಿಲ್ಲ. ಇನ್ನೊಂದು ಮಾತಿದೆ. ಹೊಸ ಕಂಪ್ಯೂಟರು ಕೊಳ್ಳುವ ಮೊದಲು ಅವಳ ಓದುವ ಸಾಫ್ಟ್‌ವೇರಿನ ಸಿಡಿಯನ್ನು ನನ್ನ ಚೀಲದಲ್ಲಿ ಹಾಕಿಕೊಂಡು ಕಂಪನಿಗೆ ಒಯ್ದಿದ್ದೆ ಎಂದು ಕೆಲವು ಸಲ ಅನ್ನಿಸುತ್ತದೆ. ಒಯ್ದಿದ್ದರೆ ಅಲ್ಲಿನ ಹೊಸ ಸಿಸ್ಟಂನಲ್ಲಿ ಹಾಕಿ ನೋಡಿರುತ್ತೇನೆ. ನೋಡಿದ್ದರೆ ನಡೆಯುವುದಿಲ್ಲ ಎಂದು ಗೊತ್ತಿದ್ದೇ ಕೊಂಡಿರುತ್ತೇನೆ. ಒಯ್ದಿದ್ದೆನೋ ಇಲ್ಲವೋ, ನನಗೆ ಗೊತ್ತಿಲ್ಲ.